ಅತಿಭೋಜನದ ವ್ಯಾಧಿಯೂ ಗೃಹಸ್ಥರ ವೈಯಾವೃತ್ಯವೂ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ತಪಸ್ಸು ಬಾಹ್ಯ, ಆಭ್ಯಂತರ ಎಂದು ಎರಡು ಬಗೆಯಾಗಿಯೂ, ಒಂದೊಂದು ಬಗೆಯೂ ಆರಾರಾಗಿಯೂ ನಿರೂಪಿತವಾಗಿದೆ. ಬಾಹ್ಯ ತಪಸ್ಸಿನಲ್ಲಿ ಮೊದಲನೆಯದು ಅನಶನ. ಆಭ್ಯಂತರ ತಪಸ್ಸಿನಲ್ಲಿ ಮೂರನೆಯದು ವೈಯಾವೃತ್ಯ. ಅನಶನವನ್ನರಿಯದ ಶ್ರಾವಕ ಕುಟುಂಬವಿಲ್ಲ. ಅಷ್ಟಮಿ, ಚತುರ್ದಶಿ, ಆಷ್ಟಾಹ್ನಿಕ, ದಶಲಕ್ಷಣ ಪರ್ವಗಳು ಬಂದವೆಂದರೆ ಮನೆಯ ಮಕ್ಕಳಿಗೂ ಅದರ ಪರಿಚಯವಾಗುತ್ತದೆ. ವೈಯಾವೃತ್ಯದ ಮಾತು ಹಾಗಲ್ಲ. ಅದು ಮುನಿಸಂಘದ ಸೇವೆಗೆ ಸಂಬಂಧಿಸಿದ್ದೆಂದು ಬಹುಮಂದಿ ಅಲ್ಲಿಗೇ ಬಿಡುತ್ತಾರೆ. ಸೇವೆಗೆ ಪಾತ್ರರಾದ ಹತ್ತು ವರ್ಗಗಳಲ್ಲಿ ‘ಗ್ಲಾನ’, ಎಂದರೆ ರೋಗದಿಂದ ಬಳಲುವವನು, ಒಬ್ಬನಾಗಿದ್ದಾನೆ. ಸೂತ್ರದಲ್ಲಿ ಆ ಪದವು ರೋಗಿಯಾದ ಮುನಿಯನ್ನು ಕುರಿತದ್ದೇನೋ ನಿಜ. ಆದರೆ ಮುನಿಗೆ ಸಲ್ಲುವ ಕರುಣೆಯು ತನ್ನ ಮನೆಯ ರೋಗಿಗೆ ಸಲ್ಲದೆಂದು ಯಾವ ಶ್ರಾವಕಾಚಾರವೂ ಹೇಳಿಲ್ಲ.

ಈ ಎರಡು ತಪಸ್ಸುಗಳೂ ಒಂದಕ್ಕೊಂದು ಎದುರಾಗುವ ಒಂದು ಸಂದರ್ಭವುಂಟು. ರೋಗವು ಆಹಾರದ ವಿಷಯದಲ್ಲಿಯೇ ಹುಟ್ಟಿದ್ದಾಗ, ಒಬ್ಬರ ಅನಶನವೇ ಅವರ ರೋಗವನ್ನು ಬೆಳೆಸುವಂಥದಾದಾಗ, ಮನೆಯವರು ಯಾವುದನ್ನು ಎತ್ತಿಹಿಡಿಯಬೇಕು?

ಅಂಕೋಲಾ ಪೇಟೆಗೆ ಹೊಂದಿಕೊಂಡ ಬೊಬ್ರುವಾಡದಂಥ ಊರಿನಲ್ಲಿ ಒಂದು ಕುಟುಂಬವಿದೆಯೆಂದು ಭಾವಿಸಬಹುದು. ಒಂದು ಕಾಲಕ್ಕೆ ಗೇರುಸೊಪ್ಪೆ, ಹಾಡುವಳ್ಳಿಗಳಲ್ಲಿ ಜಿನಧರ್ಮವು ಮೆರೆದ ಜಿಲ್ಲೆಯೇ ಆದರೂ ಇಂದು ಕರಾವಳಿಯ ಈ ಭಾಗದಲ್ಲಿ ಜೈನರ ಮನೆಗಳು ವಿರಳ. ಹಾಗಿರುವಲ್ಲಿ ವ್ರತನಿಯಮಗಳ ಪರಂಪರೆಯನ್ನು ಉಳಿಸಿಕೊಂಡು ಬರುವ ಹೊಣೆಯು ಮನೆಯ ಹೆಂಗಸರ ಮೇಲೆಯೇ ಬೀಳುತ್ತದೆ. ಆ ಮನೆಯ ಸೊಸೆಯು ಬಾಲ್ಯದಿಂದಲೂ ಏಕಾಶನ, ಉಪವಾಸಗಳಲ್ಲಿ ಮುಂದು. ಅತ್ತೆಗೆ ಅದೊಂದು ಹೆಮ್ಮೆ. ಆದರೆ ನಡುರಾತ್ರಿಯಲ್ಲಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯಲ್ಲಿ ನಡೆಯುವುದನ್ನು ಯಾರೂ ಅರಿಯರು. ಉಳಿದ ತಣ್ಣನೆಯ ಅನ್ನ, ಹಸಿ ಅವಲಕ್ಕಿ, ಬೆಲ್ಲದ ತುಂಡು, ಹಬ್ಬಕ್ಕೆಂದು ಡಬ್ಬಿಯಲ್ಲಿಟ್ಟ ಚಕ್ಕುಲಿ — ಕೈಗೆ ಸಿಕ್ಕಿದುದನ್ನು ನಿಂತುಕೊಂಡೇ, ಅವಸರದಿಂದ, ಹೊಟ್ಟೆ ನೋಯುವವರೆಗೆ ತಿಂದು, ಪಾತ್ರೆಯನ್ನು ತೊಳೆದಿಟ್ಟು, ಅತ್ತು ಮಲಗುತ್ತಾಳೆ. ರಾತ್ರಿಭೋಜನತ್ಯಾಗವು ಭಂಗವಾಯಿತೆಂಬ ಸಂಕಟ ಬೇರೆ. ಬೆಳಗಾದರೆ “ಇಂದು ನನಗೆ ನಿಯಮವಿದೆ” ಎಂದು ಹೇಳಿ ಉಪವಾಸವಿರುತ್ತಾಳೆ. ಮನೆಯವರು ಅನುಮೋದಿಸುತ್ತಾರೆ. ಅಂದಿನ ರಾತ್ರಿ ಹಸಿವು ಇಮ್ಮಡಿಯಾಗಿ ಮತ್ತೆ ಅದೇ ಕಥೆ.

ಇದನ್ನು ಕಂಡವರ ಮೊದಲ ಮಾತು, ಇದು ಜಿಹ್ವಾಚಾಪಲ್ಯ, ರಸದಲ್ಲಿ ಗೃದ್ಧಿ ಎಂಬುದು. ಆ ಮಾತು ಸರಿಯಲ್ಲ. ಗೃದ್ಧಿಯುಳ್ಳವನು ರಸವನ್ನು ಬಯಸಿ, ಆರಿಸಿ, ಸವಿದು ತಿನ್ನುತ್ತಾನೆ. ಇಲ್ಲಿ ಸವಿಯೇ ಇಲ್ಲ. ತಿನ್ನುವಾಗ ರುಚಿ ತಿಳಿಯುವುದಿಲ್ಲವೆಂದೂ, ಕೈಯನ್ನು ಬೇರೆ ಯಾರೋ ನಡೆಸಿದಂತಾಗುವುದೆಂದೂ ರೋಗಿಗಳೇ ಹೇಳುವುದುಂಟು. ಕ್ಷುಧೆಯೂ ರೋಗವೂ ಇಪ್ಪತ್ತೆರಡು ಪರೀಷಹಗಳಲ್ಲಿ ಸೇರಿದವು. ಎರಡಕ್ಕೂ ಕಾರಣ ವೇದನೀಯ ಕರ್ಮವೆಂದು ಆಗಮವು ಹೇಳುತ್ತದೆ. ರೋಗವನ್ನು ದೋಷವೆಂದು ಎಣಿಸಿದಲ್ಲಿ ಔಷಧಕ್ಕೆ ಬದಲಾಗಿ ದಂಡನೆಯೇ ತೋಚುತ್ತದೆ.

ವೈದ್ಯಶಾಸ್ತ್ರವೂ ಇದನ್ನು ರೋಗವೆಂದು ಗುರುತಿಸಲು ಬಹುಕಾಲ ತೆಗೆದುಕೊಂಡಿತು. 1959ರಲ್ಲಿ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ಅವರು ಸ್ಥೂಲಕಾಯರಾದ ಕೆಲವು ರೋಗಿಗಳಲ್ಲಿ ಈ ಬಗೆಯ ಭೋಜನವನ್ನು ವರ್ಣಿಸಿದರು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗಸೂಚಿಯಲ್ಲಿ ‘ಬಿಂಜ್ ಈಟಿಂಗ್’ ಎಂಬ ಹೆಸರಿನಿಂದ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸೂಚಿಯಲ್ಲಿಯೂ ಇದು ಸೇರಿದೆ. ಹಬ್ಬದ ದಿನ ಒಂದು ಹೋಳಿಗೆ ಹೆಚ್ಚು ತಿಂದುದು ಈ ರೋಗವಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಸಾಮಾನ್ಯರು ತಿನ್ನುವುದಕ್ಕಿಂತ ಬಹಳ ಹೆಚ್ಚಾಗಿ ತಿನ್ನುವುದು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಹಸಿವಿಲ್ಲದಿದ್ದರೂ ತಿನ್ನುವುದು, ನಾಚಿಕೆಯಿಂದ ಏಕಾಂತದಲ್ಲಿ ತಿನ್ನುವುದು, ಅನಂತರ ತನ್ನ ಬಗೆಗೆ ತನಗೇ ಹೇಸಿಗೆಯಾಗುವುದು — ಇಂಥವು ಸರಾಸರಿ ವಾರಕ್ಕೊಮ್ಮೆಯಂತೆ 3 ತಿಂಗಳು ನಡೆದಲ್ಲಿ ವೈದ್ಯರು ಅದನ್ನು ರೋಗವೆಂದು ಪರಿಗಣಿಸುತ್ತಾರೆ. ದಪ್ಪಗಿರುವವರಿಗೂ ತೆಳ್ಳಗಿರುವವರಿಗೂ, ಹೆಂಗಸರಿಗೂ ಗಂಡಸರಿಗೂ ಇದು ಬರುತ್ತದೆ.

ಇದಕ್ಕೆ ಸೋದರಿಯಂತಿರುವ ಇನ್ನೊಂದು ರೋಗವನ್ನು 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಅವರು ಹೆಸರಿಸಿದರು. ಬುಲಿಮಿಯಾ ಎಂದು ಅದನ್ನು ಕರೆಯುತ್ತಾರೆ. ಅತಿಯಾಗಿ ತಿಂದುದನ್ನು ಕಳೆದುಕೊಳ್ಳಲು ರೋಗಿಯು ಬಲವಂತವಾಗಿ ವಾಂತಿಮಾಡುವುದು, ಭೇದಿಯ ಮಾತ್ರೆ ನುಂಗುವುದು, ಮಿತಿಮೀರಿ ದೇಹವನ್ನು ದಂಡಿಸುವುದು ಅದರ ಲಕ್ಷಣ. ವ್ರತನಿಷ್ಠರಾದ ಮನೆಗಳು ಗಮನಿಸಬೇಕಾದುದೇನೆಂದರೆ, ತಿಂದುದಕ್ಕೆ ಪರಿಹಾರವಾಗಿ ಮಾಡುವ ಉಪವಾಸವನ್ನೂ ವೈದ್ಯರು ಅದೇ ಪಟ್ಟಿಯಲ್ಲಿ ಸೇರಿಸಿದ್ದಾರೆ. ಉಪವಾಸವು ರೋಗವೆಂದು ಇದರ ಅರ್ಥವಲ್ಲ. ಕರ್ಮನಿರ್ಜರೆಗಾಗಿ ಶಾಂತಚಿತ್ತದಿಂದ ಮಾಡಿದ ಅನಶನ ಬೇರೆ. ನಿನ್ನೆ ತಿಂದ ಅನ್ನಕ್ಕೆ ಹೆದರಿ, ತನ್ನ ದೇಹವನ್ನು ದ್ವೇಷಿಸಿ ಮಾಡಿದ ಅನಶನ ಬೇರೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುವುದರಿಂದಲೇ ಜೈನ ಮನೆಗಳಲ್ಲಿ ಈ ವ್ಯಾಧಿಯು ಬಹುಕಾಲ ಅಡಗಿರಬಲ್ಲುದು.

ನಿರಾಹಾರವು ಅತ್ಯಾಹಾರವನ್ನು ಹೇಗೆ ಹುಟ್ಟಿಸುತ್ತದೆಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು, ಅಹಿಂಸೆಯ ನಂಬಿಕೆಯಿಂದ ಸೈನ್ಯಕ್ಕೆ ಸೇರಲೊಪ್ಪದ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, 24 ವಾರಗಳ ಕಾಲ ಸುಮಾರು ಅರೆಹೊಟ್ಟೆಯ ಆಹಾರವನ್ನು ಕೊಟ್ಟರು. ಯುದ್ಧದಿಂದ ಹಸಿದ ಜನರಿಗೆ ಮತ್ತೆ ಅನ್ನವಿಕ್ಕುವ ಕ್ರಮವನ್ನು ಕಂಡುಕೊಳ್ಳುವುದು ಅದರ ಉದ್ದೇಶವಾಗಿತ್ತು. ಆ ಯುವಕರ ಮನಸ್ಸು ಹಗಲಿರುಳೂ ಅನ್ನದ ಸುತ್ತಲೇ ಸುತ್ತತೊಡಗಿತು. ಅಡುಗೆಯ ಪುಸ್ತಕಗಳನ್ನು ಓದುವುದೇ ಕೆಲವರ ಕಾಲಕ್ಷೇಪವಾಯಿತು. ಆಹಾರವು ಮತ್ತೆ ದೊರೆತ ಮೇಲೆ ಅವರಲ್ಲಿ ಕೆಲವರು ಹೊಟ್ಟೆ ಬಿರಿಯುವಂತೆ ತಿಂದರೂ ತೃಪ್ತಿಯನ್ನು ಕಾಣದೆ ಹೋದರು. ಅವರಾರೂ ಮೊದಲು ಹೊಟ್ಟೆಬಾಕರಾಗಿರಲಿಲ್ಲ. ಅತಿಭೋಜನದ ರೋಗಿಗಳೆಲ್ಲರಿಗೂ ಉಪವಾಸವೇ ಮೂಲವೆಂದು ಹೇಳಲಾಗದು. ದುಃಖ, ಒಂಟಿತನ, ವಂಶದ ಗುಣ, ಬಾಲ್ಯದಲ್ಲಿ ಕೇಳಿದ ಹೀನಾಯದ ಮಾತು ಇವೂ ಕಾರಣಗಳಾಗುತ್ತವೆ. ಆದರೆ ರೋಗವು ನೆಲೆಯೂರಿದ ಮೇಲೆ ಹಸಿದಿರುವುದು ಅದಕ್ಕೆ ಎಣ್ಣೆಯೆರೆದಂತೆಯೇ.

ಈ ವಿಷಯದಲ್ಲಿ ದಿಗಂಬರ ಪರಂಪರೆಯೇ ಒಂದು ದೊಡ್ಡ ನಿದರ್ಶನವನ್ನು ಕೊಟ್ಟಿದೆ. ರತ್ನಕರಂಡಕ ಶ್ರಾವಕಾಚಾರವನ್ನು ರಚಿಸಿದ, ಶ್ರಾವಕರಿಗೆ ವ್ರತಗಳ ಪಾಠ ಹೇಳಿದ ಸಮಂತಭದ್ರ ಸ್ವಾಮಿಗಳಿಗೇ ಭಸ್ಮಕ ವ್ಯಾಧಿಯು ತಗುಲಿತ್ತೆಂದು ಕಥೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಪಾರ್ಶ್ವನಾಥ ಬಸದಿಯಲ್ಲಿರುವ, ಶಕ 1050ರ ಮಲ್ಲಿಷೇಣ ಪ್ರಶಸ್ತಿಯು ಅವರನ್ನು ಭಸ್ಮಕವನ್ನೇ ಭಸ್ಮಮಾಡಿದ ಸಮರ್ಥರೆಂದು ಸ್ಮರಿಸುತ್ತದೆ. ಕಥೆಯ ವಿವರವು ಹತ್ತೊಂಬತ್ತನೆಯ ಶತಮಾನದ ದೇವಚಂದ್ರ ಕವಿಯ ‘ರಾಜಾವಳೀ ಕಥೆ’ಯಲ್ಲಿದೆ. ಎಷ್ಟು ಉಂಡರೂ ಉರಿದುಹೋಗುವ ಹಸಿವಿನಿಂದ ಬಳಲಿದ ಮುನಿಯು, ಮುನಿಚರ್ಯೆಗೆ ಭಂಗ ಬರುವುದಕ್ಕಿಂತ ದೇಹವನ್ನೇ ಬಿಡುವುದು ಲೇಸೆಂದು ಬಗೆದು, ಗುರುವಿನಲ್ಲಿ ಸಲ್ಲೇಖನೆಯನ್ನು ಬೇಡಿದರು. ಗುರುವು ಒಪ್ಪಲಿಲ್ಲ. ಇನ್ನೂ ಆಯುಷ್ಯವಿದೆ, ಧರ್ಮಕ್ಕೆ ಆಗಬೇಕಾದ ಕಾರ್ಯವಿದೆ; ಎಲ್ಲಿ ತೃಪ್ತಿಯಾಗುವಷ್ಟು ಆಹಾರ ದೊರೆಯುವುದೋ ಅಲ್ಲಿಗೆ ಹೋಗಿ ವ್ಯಾಧಿಯನ್ನು ಕಳೆದುಕೊಂಡು ಬಂದು ಮತ್ತೆ ದೀಕ್ಷೆಯನ್ನು ಕೈಕೊಳ್ಳಬೇಕೆಂದು ಅಪ್ಪಣೆಮಾಡಿದರು. ಮುನಿಯು ದಿಗಂಬರ ಮುದ್ರೆಯನ್ನು ಬಿಟ್ಟು ಕಂಚಿಗೆ ಹೋಗಿ, ಶಿವಾಲಯದ ಖಂಡುಗ ಖಂಡುಗ ನೈವೇದ್ಯವನ್ನು ಉಂಡು, ದಿನ ಕಳೆದಂತೆ ಅನ್ನವು ಮಿಗತೊಡಗಿದಾಗ ವ್ಯಾಧಿಯು ಇಳಿಯಿತೆಂದು ತಿಳಿದರು. ಮುಂದಿನ ಚಂದ್ರಪ್ರಭ ತೀರ್ಥಂಕರರ ಬಿಂಬದ ಪ್ರಸಂಗವನ್ನು ಎಲ್ಲರೂ ಕೇಳಿಯೇ ಇದ್ದಾರೆ. ಕಥಾಕೋಶಗಳಲ್ಲಿ ಇದೇ ವೃತ್ತಾಂತವು ವಾರಾಣಸಿಯಲ್ಲಿ ನಡೆದುದೆಂದಿದೆ.

ಭಸ್ಮಕವೂ ಇಂದಿನ ವೈದ್ಯರು ಹೇಳುವ ಅತಿಭೋಜನವೂ ಒಂದೇ ರೋಗವಲ್ಲ. ಭಸ್ಮಕವು ಆಯುರ್ವೇದದ ಪ್ರಕಾರ ಜಠರಾಗ್ನಿಯು ಮಿತಿಮೀರಿದ್ದು. ಅದಕ್ಕೆ ಗುರುವೂ ಸ್ನಿಗ್ಧವೂ ಮಧುರವೂ ಆದ ಆಹಾರವನ್ನು ಮತ್ತೆ ಮತ್ತೆ ಕೊಡಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ಅತಿಭೋಜನವು ಮನಸ್ಸಿನಲ್ಲಿ ಬೇರೂರಿದ್ದು. ಆದರೂ ಆ ಗುರುವಿನ ನಡೆಯು ಇಂದಿನ ಮನೆಯವರಿಗೆ ಸಾಕಷ್ಟು ಹೇಳುತ್ತದೆ. ಆತನು ಶಿಷ್ಯನನ್ನು ಭ್ರಷ್ಟನೆನ್ನಲಿಲ್ಲ. ಹಸಿವಿಗೆ ಉಪವಾಸವನ್ನು ಮದ್ದಾಗಿ ಕೊಡಲಿಲ್ಲ. ಶಿಷ್ಯನು ತಾನಾಗಿ ಬೇಡಿದ ಅತ್ಯುನ್ನತ ವ್ರತವನ್ನು ಸಹ ನಿರಾಕರಿಸಿದನು. ವ್ರತವನ್ನು ಕೊಡುವ ಅಧಿಕಾರವಿದ್ದವನಿಗೆ ತಡೆಯುವ ಹೊಣೆಯೂ ಇತ್ತು.

ಮನೆಯ ಹಿರಿಯರಿಗೂ ಆ ಹೊಣೆಯುಂಟು. ಬೊಬ್ರುವಾಡದ ಆ ಮನೆಯಲ್ಲಿ ಅತ್ತೆಯು ಒಂದು ರಾತ್ರಿ ಎಚ್ಚೆತ್ತು ಸೊಸೆಯನ್ನು ಅಡಿಗೆಮನೆಯಲ್ಲಿ ಕಂಡಳೆಂದು ಭಾವಿಸಿದರೆ, ಆ ಗಳಿಗೆಯಲ್ಲಿ ಆಡುವ ಮಾತಿನ ಮೇಲೆಯೇ ಬಹಳಷ್ಟು ನಿಂತಿದೆ. “ವ್ರತದವಳ ಬಣ್ಣ ಬಯಲಾಯಿತು” ಎಂದರೆ ಬಾಗಿಲು ಮುಚ್ಚಿತು. ಮುಂದೆ ಅವಳು ಇನ್ನೂ ಗುಟ್ಟಾಗಿ ತಿನ್ನುವಳು. “ತಂಗೀ, ಬಹಳ ದಿನದಿಂದ ಹೀಗಾಗುತ್ತಿದೆಯೆ? ನಾಳೆ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ತಿಂಡಿಗೆ ಕೂರುವ” ಎಂದರೆ ಸಾಕು. ಪ್ರಶ್ನೆಗಳ ಮಳೆಯು ಆಗ ಬೇಡ. ಬುದ್ಧಿವಾದವಂತೂ ಬೇಡವೇ ಬೇಡ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೆಂಬುದು ಪರರ ದೋಷವನ್ನು ಬಯಲಿಗೆಳೆಯದಿರುವುದು. ಬ್ರಹ್ಮಚಾರಿಯ ವೇಷದಲ್ಲಿ ಬಂದು ಜಿನಬಿಂಬದ ಛತ್ರದ ರತ್ನವನ್ನು ಕದ್ದವನನ್ನು ಜನರು ಹಿಡಿದಾಗ, ಆತನು ತನ್ನ ಹೇಳಿಕೆಯಂತೆಯೇ ರತ್ನವನ್ನು ತಂದನೆಂದು ಹೇಳಿ ಬಿಡಿಸಿದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಇದಕ್ಕೆ ದೃಷ್ಟಾಂತ. ಆದರೆ ಆ ಶ್ರೇಷ್ಠಿಯು ಜನರೆದುರು ಮುಚ್ಚಿದನೇ ಹೊರತು ರತ್ನವನ್ನು ಕಳ್ಳನಲ್ಲಿಯೇ ಬಿಡಲಿಲ್ಲವೆಂಬುದನ್ನು ಮರೆಯಬಾರದು. ಸೊಸೆಯ ರೋಗವನ್ನು ನೆರೆಹೊರೆಗೆ, ಬಂಧುಗಳಿಗೆ ಹೇಳದಿರುವುದು ಉಪಗೂಹನ; ವೈದ್ಯರಿಂದಲೂ ಮುಚ್ಚಿಡುವುದು ಉಪಗೂಹನವಲ್ಲ, ಉಪೇಕ್ಷೆ. ಮನೆಯ ಮರ್ಯಾದೆಯ ಹೆಸರಿನಲ್ಲಿ ಈ ಎರಡನ್ನೂ ಒಂದಾಗಿಸುವ ಹಿರಿಯರು ಕಡಮೆಯಿಲ್ಲ.

ಚಿಕಿತ್ಸೆಯ ಮೊದಲ ಹೆಜ್ಜೆಯು ಕೇಳಲು ಸರಳವಾದದ್ದು: ಹೊತ್ತುಹೊತ್ತಿಗೆ ಉಣ್ಣುವುದು. ದಿನಕ್ಕೆ 3 ಊಟ, ನಡುವೆ ಎರಡು ಮೂರು ಬಾರಿ ಲಘು ಉಪಾಹಾರ. ಹಗಲಿನಲ್ಲಿ 3–4 ಗಂಟೆಗಳಿಗಿಂತ ಹೆಚ್ಚು ಅಂತರವಿರಬಾರದು. ಇಂಗ್ಲೆಂಡಿನ ಕ್ರಿಸ್ಟಫರ್ ಫೇರ್‌ಬರ್ನ್ ಅವರು ರೂಪಿಸಿದ ಮನಶ್ಚಿಕಿತ್ಸೆಯು ಇದನ್ನೇ ಅಡಿಪಾಯವಾಗಿಸಿಕೊಂಡಿದೆ. ರಾತ್ರಿಭೋಜನತ್ಯಾಗವಿರುವ ಮನೆಯಲ್ಲಿ ಇದು ಅಸಾಧ್ಯವೆಂದು ತೋರಬಹುದು; ಅಸಾಧ್ಯವಲ್ಲ, ಆದರೆ ಎಚ್ಚರ ಬೇಕು. ಡಿಸೆಂಬರಿನಲ್ಲಿ ಅಂಕೋಲೆಯಲ್ಲಿ ಸೂರ್ಯನು ಸಂಜೆ ಸುಮಾರು ಆರಕ್ಕೆ ಮುಳುಗಿ ಬೆಳಿಗ್ಗೆ ಸುಮಾರು ಏಳಕ್ಕೆ ಹುಟ್ಟುತ್ತಾನೆ. ಉದಯಾಸ್ತಗಳ ಎರಡೆರಡು ಘಳಿಗೆಗಳನ್ನೂ ಬಿಟ್ಟರೆ ನಿರಾಹಾರದ ಕಾಲ ಹದಿನಾಲ್ಕು ಗಂಟೆಗಳಿಗೂ ಮೀರುತ್ತದೆ. ಆದುದರಿಂದ ಬೆಳಿಗ್ಗೆ 8ಕ್ಕೆ ದೋಸೆಯೋ ಗಂಜಿಯೋ, 10.30ಕ್ಕೆ ಬಾಳೆಹಣ್ಣು ಮಜ್ಜಿಗೆ, 1 ಗಂಟೆಗೆ ಅನ್ನ, ತೊವ್ವೆ, ಪಲ್ಯ, 3ಕ್ಕೆ ಅವಲಕ್ಕಿ, 5ಕ್ಕೆ ಪೂರ್ಣ ಊಟ — ಹೀಗೆ ಹೊಂದಿಸಬೇಕು. ಸಂಜೆಯ ಊಟವನ್ನು ಹೆಸರಿಗೆ ಮಾತ್ರ ಮಾಡಿ ಏಳುವ ಅಭ್ಯಾಸವೇ ನಡುರಾತ್ರಿಯ ಸಂಕಟಕ್ಕೆ ದಾರಿ. ಇಷ್ಟಾದರೂ ರಾತ್ರಿಯ ಹಸಿವು ನಿಲ್ಲದಿದ್ದರೆ, ವೈದ್ಯರ ಸಲಹೆಯನ್ನು ಮುನಿಗಳ ಅಥವಾ ಭಟ್ಟಾರಕರ ಮುಂದಿಟ್ಟು ನಿಯಮದ ಮಿತಿಯನ್ನು ಸ್ವಲ್ಪ ಕಾಲ ಸಡಿಲಿಸಿಕೊಳ್ಳಬಹುದೇ ಎಂದು ಕೇಳತಕ್ಕದ್ದು. ಕಾಲಮಿತಿಯುಳ್ಳದ್ದು ನಿಯಮ, ಜೀವಾವಧಿಯದ್ದು ಯಮ ಎಂಬ ಭೇದವನ್ನು ಸಮಂತಭದ್ರರೇ ಮಾಡಿಟ್ಟಿದ್ದಾರೆ. ಕೇಳಿ ಪಡೆದ ಸಡಿಲಿಕೆಗೂ ಕದ್ದು ಮಾಡಿದ ಭಂಗಕ್ಕೂ ಮನಸ್ಸಿನ ಮೇಲಾಗುವ ಪರಿಣಾಮದಲ್ಲಿ ಅಜಗಜಾಂತರವುಂಟು.

ಊಟದ ಹೊತ್ತಿನಲ್ಲಿ ಯಾರಾದರೊಬ್ಬರು ಜೊತೆಗೆ ಕುಳಿತು ಉಣ್ಣಬೇಕು. ಎದುರು ಕುಳಿತು ತುತ್ತು ಎಣಿಸುವುದಲ್ಲ, ಜೊತೆಗೆ ಉಣ್ಣುವುದು. ಬಡಿಸುವಾಗ “ಇನ್ನೊಂದು, ಇನ್ನೊಂದು” ಎಂಬ ಉಪಚಾರವೂ, “ಸಾಕಲ್ಲವೆ” ಎಂಬ ಎಚ್ಚರಿಕೆಯೂ ಒಂದೇ ಸಮನಾಗಿ ಕೆಡುಕು. ಊಟವಾದ ಮೇಲಿನ ಒಂದು ಗಂಟೆಯ ಕಾಲ ಒಂಟಿಯಾಗಿ ಬಿಡದೆ ಅಂಗಳದಲ್ಲಿ ಹೂಗಿಡಕ್ಕೆ ನೀರೆರೆಯುತ್ತಲೋ ಮಾತನಾಡುತ್ತಲೋ ಇದ್ದರೆ ಬಹಳ ಸಹಾಯ. ಡಬ್ಬಿಗಳಿಗೆ ಬೀಗ ಹಾಕುವುದರಿಂದ ಪ್ರಯೋಜನವಿಲ್ಲ. ಬೀಗವು ಅವಳನ್ನು ಕಳ್ಳಿಯೆಂದು ಹೇಳುತ್ತದೆ. ಯಾವ ತಿಂಡಿಯು ಸದ್ಯಕ್ಕೆ ಮನೆಯಲ್ಲಿ ರಾಶಿಯಾಗಿ ಬೇಡವೆಂದು ಅವಳನ್ನೇ ಕೇಳಿ, ಅವಳ ಒಪ್ಪಿಗೆಯಿಂದ ಅಷ್ಟನ್ನು ಕಡಮೆ ಮಾಡಬಹುದು. ತೂಕ, ಮೈಕಟ್ಟು, “ಈಚೆಗೆ ಇಳಿದಿದ್ದೀಯೆ” ಎಂಬ ಮೆಚ್ಚುಗೆಯನ್ನೂ ಸೇರಿಸಿ, ಮನೆಯ ಮಾತಿನಿಂದ ಹೊರಹೋಗಬೇಕು. ವೈದ್ಯರು ಉಂಡುದನ್ನೂ ಆಗಿನ ಮನಃಸ್ಥಿತಿಯನ್ನೂ ಬರೆದಿಡಲು ಹೇಳುವುದುಂಟು. ಆ ಪುಸ್ತಕವು ಅವಳದು, ಗಂಡನೂ ಕೇಳದೆ ತೆರೆಯಬಾರದು.

ನಡುನಡುವೆ ಮತ್ತೆ ಜಾರುವುದು ನಿಶ್ಚಿತ. ನಾಲ್ಕು ವಾರ ಚೆನ್ನಾಗಿದ್ದು ಐದನೆಯ ವಾರದಲ್ಲಿ ಒಂದು ರಾತ್ರಿ ಹಾಗೆಯೇ ಆದರೆ, ಮರುದಿನದ ಬೆಳಗಿನ ಉಪಾಹಾರವನ್ನು ಎಂದಿನ ಹೊತ್ತಿಗೆ ಎಂದಿನಷ್ಟೇ ಕೊಡುವುದು ಮನೆಯವರ ಮುಖ್ಯ ಕೆಲಸ. ಇಲ್ಲಿಯೇ ಧಾರ್ಮಿಕ ಮನಸ್ಸಿಗೆ ಕಷ್ಟವಾಗುವುದು. ತಪ್ಪಿದುದಕ್ಕೆ ಪ್ರಾಯಶ್ಚಿತ್ತವೆಂದು ಅವಳೇ ಉಪವಾಸವನ್ನು ಬಯಸುತ್ತಾಳೆ. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಆಲೋಚನೆ ಮೊದಲನೆಯದು, ಪ್ರತಿಕ್ರಮಣ ಎರಡನೆಯದು. ಅನಶನಾದಿಗಳು ಬರುವ ತಪವು ಆರನೆಯದು. ನಡೆದುದನ್ನು ಮರೆಮಾಚದೆ ಹಿರಿಯರೊಬ್ಬರಲ್ಲಿ ನಿವೇದಿಸಿಕೊಳ್ಳುವುದೇ ಆಲೋಚನೆ. ಗುಟ್ಟಿನಲ್ಲಿ ಬೆಳೆಯುವ ಈ ರೋಗಕ್ಕೆ ಅದಕ್ಕಿಂತ ತಕ್ಕ ಪ್ರಾಯಶ್ಚಿತ್ತವು ಬೇರೊಂದಿಲ್ಲ.

ಹಾಗೆಯೇ ಬಾಹ್ಯ ತಪಸ್ಸಿನ ಆರರಲ್ಲಿ ಅನಶನ, ಅವಮೋದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಈ ನಾಲ್ಕೂ ಆಹಾರವನ್ನೇ ಕುರಿತವು. ಪೂರ್ಣ ಉಪವಾಸ ಬೇಡ, ಅರೆಹೊಟ್ಟೆ ಇರಲಿ, ಇಲ್ಲವೆ ತುಪ್ಪ ಸಕ್ಕರೆಗಳನ್ನಾದರೂ ಬಿಡಲಿ ಎಂಬ ರಾಜಿಯೂ ಈ ರೋಗಿಗೆ ಹಿತವಲ್ಲ. ಬಿಟ್ಟ ಪದಾರ್ಥವೇ ರಾತ್ರಿ ಕರೆಯುತ್ತದೆ. ವಿವಿಕ್ತಶಯ್ಯಾಸನವೆಂದರೆ ಏಕಾಂತ, ಏಕಾಂತವೇ ಈ ರೋಗದ ವೇಳೆ. ಕಾಯಕ್ಲೇಶವು ದೇಹದ್ವೇಷಕ್ಕೆ ತಿರುಗುವುದು ಸುಲಭ. ಉಳಿದುದು ಆಭ್ಯಂತರ ತಪಸ್ಸು: ವಿನಯ, ಸ್ವಾಧ್ಯಾಯ, ಧ್ಯಾನ, ಪರರ ಸೇವೆ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವರ ಹೆಸರು ಓದಿ ಸನ್ಮಾನಿಸುವ ಪದ್ಧತಿಯು ಹಲವೆಡೆ ಇದೆ. ಆ ಪಟ್ಟಿಯಲ್ಲಿ ಈ ವರ್ಷ ಹೆಸರಿಲ್ಲದವಳನ್ನು “ಯಾಕೆ?” ಎಂದು ಕೇಳದಿರುವಷ್ಟು ಸೌಜನ್ಯವನ್ನು ಸಮಾಜದವರು ತೋರಬೇಕು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವು ಸುಮ್ಮನೆ ಬಂದುದಲ್ಲ.

ಮನೆಯ ಸೇವೆಯು ವೈದ್ಯರ ಸ್ಥಾನವನ್ನು ತುಂಬಲಾರದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಬೆಂಗಳೂರಿನ ನಿಮ್ಹಾನ್ಸ್ ಇದೆ. ಮನೆಯಿಂದ ಹೊರಡಲು ಸಂಕೋಚವಾದರೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ದೂರವಾಣಿಯ ಮೂಲಕ ಕನ್ನಡದಲ್ಲಿಯೇ ಮಾತನಾಡಬಹುದು. ತಿಂದುದನ್ನು ವಾಂತಿಮಾಡುತ್ತಿರುವುದು ಕಂಡರೆ ತಡಮಾಡಬಾರದು; ಪದೇ ಪದೇ ವಾಂತಿಯಾದಲ್ಲಿ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರ ವಿಷಯದಲ್ಲಿಯೂ ಹಾಗೆಯೇ. ಬದುಕು ಬೇಡವೆಂದೋ, ಸಲ್ಲೇಖನೆ ತೆಗೆದುಕೊಳ್ಳುತ್ತೇನೆಂದೋ ಮಾತು ಬಂದರೆ ಅದನ್ನು ವೈರಾಗ್ಯವೆಂದು ತಿಳಿಯದೆ, ಅವಳನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಮಂತಭದ್ರರಂಥವರಿಗೂ ಗುರುವು ಆ ಅಪ್ಪಣೆಯನ್ನು ಕೊಡಲಿಲ್ಲ.

ಗುಣವಾದ ಮೇಲೆ ಮತ್ತೆ ವ್ರತವನ್ನು ತೆಗೆದುಕೊಳ್ಳಬಹುದೇ ಎಂದು ಅವಳು ಕೇಳಿಯೇ ಕೇಳುವಳು. ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ವ್ರತವು ಅವಳಿಗೆ ತಾಯಿಮನೆಯಿಂದ ಬಂದ ಸಂಪತ್ತು. ಸಮಂತಭದ್ರರ ಗುರುವು ಮರುದೀಕ್ಷೆಯ ಮಾತನ್ನು ಮೊದಲೇ ಆಡಿ ಕಳುಹಿಸಿದ್ದನು. ತಿಂಗಳುಗಟ್ಟಲೆ ರೋಗವು ಮರುಕಳಿಸದೆ, ವೈದ್ಯರೂ ಒಪ್ಪಿದ ಮೇಲೆ, ಒಂದು ಪರ್ವದಿನದ ಏಕಾಶನದಿಂದ ತೊಡಗಬಹುದು. ಅಂದಿನ ಊಟವು ಹೊಟ್ಟೆತುಂಬ ಇರಲಿ, ಅತ್ತೆಯೂ ಅಂದು ಏಕಾಶನವಿದ್ದು ಜೊತೆಗೇ ಕುಳಿತುಣ್ಣಲಿ, ಮರುದಿನದ ಪಾರಣೆಯು ತಡವಾಗದಿರಲಿ. ನಡುವೆ ಸಂಕಟವಾಯಿತೆಂದರೆ ಅಲ್ಲಿಗೇ ಬಿಡಬಹುದೆಂದು, ನಿಯಮವನ್ನು ತೆಗೆದುಕೊಳ್ಳುವಾಗಲೇ ಬಾಯಿಬಿಟ್ಟು ಹೇಳಿ ತೆಗೆದುಕೊಳ್ಳತಕ್ಕದ್ದು.